ಸಿಂಕಿನ ಮುಂದಿನ ನನ್ನ ಸ್ಥಾನದ ಕುರಿತು, ಕೈಗವಸಿನ ಕಂಪನಿಗೆ

ಪಾತ್ರೆ ತೊಳೆಯುವ ರಬ್ಬರ್ ಕೈಗವಸುಗಳನ್ನು ತಯಾರಿಸಿ ಮನೆಮನೆಯ ಕೈಗಳನ್ನು ಕಾಪಾಡುತ್ತಿರುವುದಾಗಿ ಪ್ಯಾಕೆಟ್ಟಿನ ಮೇಲೆ ತಾವೇ ಘೋಷಿಸಿಕೊಂಡಿರುವ ಕಂಪನಿಯ ವ್ಯವಸ್ಥಾಪಕರ ಸನ್ನಿಧಿಗೆ.

ಮಾನ್ಯರೇ,

ತಮಗೂ, ತಮ್ಮ ಆಡಳಿತ ಮಂಡಳಿಗೂ, ಬೆರಳಿನ ಪಕ್ಕಕ್ಕೆ ಬೆರಳು ಜೋಡಿಸಿ ಅಚ್ಚು ತೆಗೆಯುವ ತಮ್ಮ ಕಾರ್ಖಾನೆಯ ಸಮಸ್ತ ಕುಶಲಕರ್ಮಿಗಳಿಗೂ, ಪ್ಯಾಕೆಟ್ಟಿನ ಮೇಲೆ ನೊರೆಯ ನಡುವೆ ನಿಂತು ಒಂದೇ ಒಂದು ಗಾಜಿನ ಲೋಟವನ್ನು ಎತ್ತಿ ಹಿಡಿದು ಇಷ್ಟು ವರ್ಷಗಳಿಂದ ನಗುತ್ತಲೇ ಇರುವ ಆ ಮಹಿಳೆಗೂ ನನ್ನ ಗೌರವಪೂರ್ವಕ ವಂದನೆಗಳು ಸಲ್ಲಲಿ. ಆ ಲೋಟ ಇಷ್ಟರಲ್ಲಿ ತೊಳೆದು ಮುಗಿದಿರಬಹುದೆಂದು ಆಶಿಸುತ್ತೇನೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ. ಪ್ಯಾಕೆಟ್ಟಿನಲ್ಲಿ ಕೊಟ್ಟಿರುವ ಸಂಖ್ಯೆಗೆ ಫೋನ್ ಮಾಡಿದಾಗಲೆಲ್ಲ ಮಧುರವಾದ ಸಂಗೀತವೂ, ಅದರ ನಡುನಡುವೆ ನನ್ನ ಕರೆ ತಮಗೆ ಅಮೂಲ್ಯವೆಂದು ತಿಳಿಸುವ ಹೆಣ್ಣುದನಿಯೂ ಕೇಳಿಬಂದವು. ಅಮೂಲ್ಯವಾದ ವಸ್ತುವನ್ನು ಯಾರೂ ಅವಸರದಲ್ಲಿ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ನನ್ನ ಕರೆಯನ್ನು ಯಾರೂ ಎತ್ತಿಕೊಳ್ಳಲಿಲ್ಲ. ತಮ್ಮ ಈ ಸಂಯಮ ನನ್ನನ್ನು ಬಹಳವಾಗಿ ಆಕರ್ಷಿಸಿತು. ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದವನು. ಎದುರಾಳಿ ಮೌನವಾಗಿದ್ದರೆ ಅಂಕ ನಮಗೇ ಎಂದು ಅಂದು ನಂಬಿದ್ದೆ. ಅದು ನಿಜವಲ್ಲವೆಂಬುದು ತಮ್ಮಿಂದಷ್ಟೇ ತಿಳಿದದ್ದಲ್ಲ. ಆ ವಿಷಯಕ್ಕೆ ಬರುತ್ತೇನೆ.

ದೂರು ಅರ್ಥವಾಗಬೇಕಾದರೆ ನಮ್ಮ ಅಡುಗೆಮನೆಯ ನಿಯಮ ತಮಗೆ ತಿಳಿದಿರಬೇಕು. ನನ್ನ ಹೆಂಡತಿ ತೀರಿಕೊಂಡ ಮೇಲೆ ಪಾತ್ರೆಗಳು ನನ್ನ ಮತ್ತು ನನ್ನ ಒಬ್ಬನೇ ಮಗನ ಪಾಲಿಗೆ ಬಂದವು. ಒಬ್ಬ ತೊಳೆಯುವುದು, ಇನ್ನೊಬ್ಬ ಒರೆಸುವುದು, ಮರುದಿನ ಅದಲು ಬದಲು ಎಂದು ಕೆಲಸ ಹಂಚಿಕೊಂಡಾಗಲೇ ಇನ್ನೊಂದು ಕಟ್ಟಳೆಯನ್ನೂ ಮಾಡಿಕೊಂಡೆವು: ತೊಳೆಯುವವನಿಗೆ ಮಾತಾಡುವ ಹಕ್ಕು, ಒರೆಸುವವನಿಗೆ ಕೇಳಿಸಿಕೊಳ್ಳುವ ಕರ್ತವ್ಯ, ಕೊನೆಯ ಚಮಚ ಗೂಡು ಸೇರಿದ ಮೇಲೆ ಒರೆಸಿದವನು ತೀರ್ಪು ಕೊಡತಕ್ಕದ್ದು, ಅದಕ್ಕೆ ಮೇಲ್ಮನವಿ ಇಲ್ಲ. ಹಲ್ಲುಜ್ಜುವ ಪೇಸ್ಟನ್ನು ತಳದಿಂದ ಒತ್ತಬೇಕೋ ನಡುವಿನಿಂದಲೋ, ಕೊಡೆಯನ್ನು ಸಾಲ ಕೊಟ್ಟವನು ಕೇಳಿ ಪಡೆಯಬೇಕೋ ಕಾಯಬೇಕೋ ಎಂಬಂತಹ ಜಗತ್ತಿನ ತುರ್ತು ಸಮಸ್ಯೆಗಳೆಲ್ಲ ಆ ಸಿಂಕಿನ ಮುಂದೆ ಇತ್ಯರ್ಥವಾಗಿವೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸೊಸೆ ತನ್ನ ತಾಯಿಗೆ ಫೋನ್ ಮಾಡಿ, "ಅಮ್ಮಾ, ಇಲ್ಲಿ ಗಂಡಸ್ರೇ ಪಾತ್ರೆ ತೊಳೀತಾರೆ, ಅದೆಲ್ಲ ಸರಿ. ಆದ್ರೆ ಲೋಟಕ್ಕೊಂದು ಭಾಷಣ!" ಎಂದು ವರದಿ ಒಪ್ಪಿಸಿದ್ದು ನನ್ನ ಕಿವಿಗೂ ಬಿದ್ದಿತ್ತು.

ಮಗ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ. ಒಬ್ಬೊಬ್ಬ ರೋಗಿಗೂ ಮುಂಚೆ ಒಮ್ಮೆ, ಆಮೇಲೊಮ್ಮೆ ಕೈ ತೊಳೆದೂ ತೊಳೆದೂ ಅವನ ಕೈಗಳಿಗೆ ಇಸಬು ಹತ್ತಿತ್ತು. ವೈದ್ಯರು ಅದನ್ನು ಎಕ್ಸಿಮಾ ಎನ್ನುತ್ತಾರೆ. ಆದ್ದರಿಂದ ಮನೆಯ ಸಿಂಕಿಗೆ ಬರುವಾಗ ಅವನು ತಮ್ಮದೇ ಕಂಪನಿಯ ಹಳದಿ ಗವಸನ್ನು, ಮೊಣಕೈ ತನಕ ಬರುತ್ತಿದ್ದ ಆ ಹಳೆಯ ಮಾದರಿಯನ್ನು, ತೊಟ್ಟೇ ಬರುತ್ತಿದ್ದ. ವಾದದ ಭರದಲ್ಲಿ ಅವನು ಆ ಹಳದಿ ಕೈ ಎತ್ತಿದರೆ ಬೀದಿಯ ವಾಹನಗಳೂ ನಿಲ್ಲಬೇಕು, ಹಾಗೆ ಕಾಣುತ್ತಿತ್ತು. ಬೆರಳ ತುದಿಯಿಂದ ನೊರೆ ಹಾರಿ ನನ್ನ ಕನ್ನಡಕದ ಮೇಲೆ ಕೂರುತ್ತಿತ್ತು. ತೀರ್ಪುಗಾರನ ಮೇಲೆ ಅನುಚಿತ ಪ್ರಭಾವವೆಂದು ನಾನು ಪ್ರತಿ ಸಲವೂ ಆಕ್ಷೇಪ ದಾಖಲಿಸುತ್ತಿದ್ದೆ.

ನಮ್ಮ ಕೊನೆಯ ವಿಷಯ ಇದು: ತಳ ಸೀದ ಪಾತ್ರೆಯನ್ನು ಒಡನೆ ಉಜ್ಜಬೇಕೋ, ನೀರು ತುಂಬಿ ನಾಳೆಗೆ ನೆನೆಹಾಕಬೇಕೋ? ನಾನು ಒಡನೆ ಎನ್ನುವ ಪಕ್ಷ. ನಾಳೆ ಎಂಬುದು ಸೋಮಾರಿಗಳು ಕಂಡುಹಿಡಿದ ದಿನವೆಂದು ನನ್ನ ಸರದಿಯಲ್ಲಿ ಸಮರ್ಥವಾಗಿಯೇ ವಾದಿಸಿದ್ದೆ. ಮರುದಿನ ಅವನ ಪ್ರತಿವಾದ ಅರ್ಧದಲ್ಲಿರುವಾಗ ಲ್ಯಾಬಿನಿಂದ ಕರೆ ಬಂತು. ಗವಸುಗಳನ್ನು ಕಳಚಿ ಸಿಂಕಿನ ಮೇಲಿನ ಕೊಕ್ಕೆಗೆ ನೇತುಹಾಕಿ, "ಅಪ್ಪಾ, ನನ್ನ ಟೈಮು ಇನ್ನೂ ಬಾಕಿ ಇದೆ. ನಾನಿಲ್ದಾಗ ತೀರ್ಪು ಕೊಟ್ಬಿಡ್ಬೇಡಿ ಮತ್ತೆ" ಎಂದು ಹೇಳಿ ಹೋದ. ಲ್ಯಾಬಿನಲ್ಲೇ ಅವನ ಹೃದಯ ನಿಂತಿತು. ಸುತ್ತ ಇಡೀ ಆಸ್ಪತ್ರೆಯೇ ಇದ್ದರೂ ಉಳಿಸಿಕೊಳ್ಳಲಾಗಲಿಲ್ಲ. ಅದು ತಮ್ಮ ಉತ್ಪನ್ನದ ದೋಷವಲ್ಲ. ಆದ್ದರಿಂದ ಈ ಪತ್ರದಲ್ಲಿ ಅದಕ್ಕೆ ಇಷ್ಟೇ ಸ್ಥಳ.

ಅಂದಿನಿಂದ ಸಿಂಕು ದಿನವೂ ನನ್ನದಾಯಿತು, ಒರೆಸುವ ಬಟ್ಟೆ ಸೊಸೆಯದಾಯಿತು. ನಿಯಮದ ಪ್ರಕಾರ ಮಾತಾಡುವ ಹಕ್ಕು ನನ್ನದೇ. ಆದರೆ ನನ್ನ ವಾದ ಮುಗಿದಿತ್ತು, ಮುಂದಿನ ಮಾತು ಎದುರು ಪಕ್ಷದ್ದು. ಹಾಗಾಗಿ ನಲ್ಲಿಯೊಂದನ್ನು ಬಿಟ್ಟು ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕೊಕ್ಕೆಯ ಮೇಲಿನ ಆ ಹಳದಿ ಜೋಡಿ ಬೆರಳುಗಳನ್ನು ಅರೆಬರೆ ಉಬ್ಬಿಸಿಕೊಂಡು ಹಾಗೆಯೇ ತೂಗುತ್ತಿತ್ತು. ಅದನ್ನು ನಾನು ಮುಟ್ಟಲಿಲ್ಲ, ಸೊಸೆಯೂ ಮುಟ್ಟಲಿಲ್ಲ, ಮುಟ್ಟಬಾರದೆಂದು ನಾವು ಮಾತಾಡಿಕೊಂಡಿರಲೂ ಇಲ್ಲ. ಮನೆಯಲ್ಲಿ ಗವಸು ಇರುವಾಗ ಇನ್ನೊಂದನ್ನು ಕೊಂಡು ತರುವುದೂ ಸರಿ ಕಾಣಲಿಲ್ಲ. ಪರಿಣಾಮವಾಗಿ ನಾನು ಬರಿಗೈಯಲ್ಲಿ, ಸುಡುವ ಬಿಸಿನೀರಿನಲ್ಲಿ, ಸ್ಟೀಲ್ ಸ್ಕ್ರಬ್ಬರ್ ಹಿಡಿದು, ನಿಂಬೆಯ ವಾಸನೆಯ ಸೋಪಿನೊಂದಿಗೆ, ನನ್ನ ಸಿದ್ಧಾಂತಕ್ಕೆ ನಿಷ್ಠನಾಗಿ ಪ್ರತಿಯೊಂದು ಸೀದ ಪಾತ್ರೆಯನ್ನೂ ಒಡನೆ ಉಜ್ಜುತ್ತಾ ಬಂದೆ.

ಪಾತ್ರೆಗಳು ಹೊಳೆದವು. ಕೈಗಳು ಮೊದಲು ತುರಿಸಿದವು, ಬೆರಳ ಸಂದಿಯಲ್ಲಿ ನೀರ್ಗುಳ್ಳೆ ಎದ್ದವು, ಆಮೇಲೆ ಗೆಣ್ಣುಗೆಣ್ಣಿಗೂ ಬಿರುಕು ಬಿಟ್ಟು, ಅಂಗಿಯ ಗುಂಡಿ ಹಾಕುವುದೂ ಒಂದು ಪರಾಕ್ರಮವೆನಿಸುವ ಸ್ಥಿತಿಗೆ ಬಂದವು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುವುದು ಹಳೆಯ ಭಾಷಣಕಾರರಿಗೆ ಒಪ್ಪುವ ಭಂಗಿಯಾದ್ದರಿಂದ ಕೆಲವು ಕಾಲ ಗುಟ್ಟು ನಿಂತಿತು. ಆದರೆ ನನ್ನ ಸೊಸೆ ಸಿಟಿ ಬಸ್ಸಿನ ಕಂಡಕ್ಟರ್. ಟಿಕೆಟ್ ತೆಗೆಯದವನ ಬೆನ್ನನ್ನು ಹಿಂದಿನ ಬಾಗಿಲಿನಿಂದಲೇ ಗುರುತಿಸುವವಳು. ಒಂದು ಸಂಜೆ, ಒರೆಸಲು ಕೈಗೆತ್ತಿಕೊಂಡ ಬಿಳಿಯ ತಟ್ಟೆಯ ಅಂಚಿನಲ್ಲಿ ಎಳೆಯಷ್ಟು ರಕ್ತ ಕಂಡು, "ಮಾವ, ಕೈ ತೋರ್ಸಿ" ಎಂದಳು. ಕೈ ಒದ್ದೆಯಾಗಿದೆಯೆಂದು ನಾನು ತಾಂತ್ರಿಕ ಅಡಚಣೆಯನ್ನು ಮುಂದಿಟ್ಟೆ. "ಒದ್ದೆ ಕೈನೇ ತೋರ್ಸಿ. ಪಾಸು ಮನೇಲಿ ಮರ್ತೆ ಅನ್ನೋರ್ನ ದಿನಾ ಬಸ್ ತುಂಬ ನೋಡ್ತೀನಿ. ನನ್ಹತ್ರ ಅದೆಲ್ಲ ನಡಿಯಲ್ಲ" ಎಂದಳು. ತೋರಿಸಿದೆ. ಅವಳು ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದಳು.

ಚರ್ಮದ ವೈದ್ಯೆ ಸೊಸೆಗಿಂತಲೂ ಕಠಿಣ ಸ್ವಭಾವದವರು. ಯಾವಾಗಿನಿಂದ ಎಂದು ಅವರು ಕೇಳಿದ್ದಕ್ಕೆ ನಾನು ಹಿನ್ನೆಲೆಯಿಂದ ಆರಂಭಿಸಿದಾಗ, "ಪೀಠಿಕೆ ಬೇಡ ಸಾರ್, ಯಾವ ತಿಂಗ್ಳು ಅಷ್ಟೇ ಹೇಳಿ" ಎಂದರು. ಮುಂದಿನ ಅವರ ಆಜ್ಞೆಗಳನ್ನು ತಮ್ಮ ಅವಗಾಹನೆಗಾಗಿ ನಿವೇದಿಸುತ್ತೇನೆ. ಬಿಸಿನೀರು ಸಲ್ಲದು, ಉಗುರುಬೆಚ್ಚಗಿನದು ಸಾಕು. ಉಂಗುರವನ್ನು ತೆಗೆದಿಡಬೇಕು, ಅದರಡಿಯಲ್ಲಿ ಸೋಪು ಅಡಗುತ್ತದೆ. ಟೊಮೇಟೊ ಹೆಚ್ಚುವಾಗಲೂ ನಿಂಬೆ ಹಿಂಡುವಾಗಲೂ ಬರಿಗೈ ಕೂಡದು. ಮೊದಲು ಮುಲಾಮು, ಅದರ ಮೇಲೆ ಹತ್ತಿಯ ಒಳಗವಸು, ಅದರ ಮೇಲೆ ರಬ್ಬರ್ ಗವಸು. ಅದೂ ಬಹಳ ಹೊತ್ತು ಬೇಡ, ಬೆವರೂ ಇಸಬಿನ ಶತ್ರುವೇ. ಕೆಲಸ ಮುಗಿದ ಮೇಲೆ ಕೈಯನ್ನು ಉಜ್ಜದೆ ಒತ್ತಿ ಒರೆಸಿ ಮತ್ತೆ ಮುಲಾಮು. "ಸೀದಿದ್ದನ್ನ ಉಜ್ಜೋಕೆ ಹೋಗ್ಬೇಡಿ, ನೆನೆಹಾಕಿ" ಎಂದೂ ಅವರು ಸೇರಿಸಿದರು. ಇದು ವೈದ್ಯಕೀಯ ಸಲಹೆಯೋ ಎದುರು ಪಕ್ಷದ ಸಾಕ್ಷಿಯೋ ಎಂದು ಕೇಳಬೇಕೆನಿಸಿತು. ಸೊಸೆ ಪಕ್ಕದಲ್ಲಿ ಕೂತು ಗೋಡೆಯ ಮೇಲಿನ ಚರ್ಮದ ಚಿತ್ರಪಟವನ್ನು ಅತಿಯಾದ ಆಸಕ್ತಿಯಿಂದ ನೋಡುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅವಳು ತನ್ನ ಷರತ್ತನ್ನೂ ಹೇಳಿದಳು: "ಮುಂದಿನ ಸಲ ಡಾಕ್ಟ್ರು ನೋಡೋ ಹೊತ್ಗೆ ಈ ಬಿರುಕೆಲ್ಲ ಮುಚ್ಚಿರ್ಬೇಕು. ಇಲ್ಲಾಂದ್ರೆ ಸಿಂಕು ನಂದು, ಒರೆಸೋ ಬಟ್ಟೆ ನಿಮ್ದು."

ಮಾನ್ಯರೇ, ಇದರ ಗಂಭೀರತೆಯನ್ನು ತಾವು ಗ್ರಹಿಸಬೇಕು. ಒರೆಸುವವನಿಗೆ ಮಾತಿಲ್ಲವೆಂಬುದು ಒಂದು ಸಣ್ಣ ಅಂಶ. ದಿನಕ್ಕೊಮ್ಮೆ ಆ ಸಿಂಕಿನ ಮುಂದೆ ನಿಂತಿರುವಷ್ಟು ಹೊತ್ತು ನಾನು ಮುಗಿಯದ ಒಂದು ಚರ್ಚೆಯ ನಡುವೆ ನಿಂತಿರುತ್ತೇನೆ. ಅಲ್ಲಿಂದ ಕೆಳಗಿಳಿದರೆ ಸಭೆ ಬರಖಾಸ್ತಾದಂತೆಯೇ. ನನ್ನ ಆ ಸ್ಥಾನದ ರಕ್ಷಣೆಯನ್ನು ನಾನು ವಹಿಸಿದ್ದು ತಮ್ಮ ಗವಸುಗಳಿಗೆ.

ಹಳದಿ ಮಾದರಿ ನಿಂತುಹೋಯಿತೆಂದೂ, ಈಗ ಬರುತ್ತಿರುವ ಗುಲಾಬಿ ಬಣ್ಣದ್ದು "ಇಂಪ್ರೂವ್ ಆಗಿರೋದು ಸಾರ್" ಎಂದೂ ಅಂಗಡಿಯವನು ಹೇಳಿದ. ಸುಧಾರಣೆ ಎದ್ದು ಕಾಣುತ್ತದೆ. ಗವಸು ಮಣಿಕಟ್ಟಿನಿಂದ ನಾಲ್ಕು ಬೆರಳಿನಷ್ಟಕ್ಕೇ ಮುಗಿಯುವುದರಿಂದ ಒಳಬರಲಿಚ್ಛಿಸುವ ನೀರು ಮೊಣಕೈ ತನಕ ಸುತ್ತಿ ಬರಬೇಕಾದ ಹಳೆಯ ಕಷ್ಟ ತಪ್ಪಿದೆ. ಅಷ್ಟು ದೂರವನ್ನೂ ಪ್ರಯಾಣಿಸಲಾಗದ ನೀರಿಗಾಗಿ ತಾವು ಬಲಗೈಯ ನಡುಬೆರಳ ತುದಿಯಲ್ಲಿ ಬೇಗನೆ ಹರಿಯುವ ವಿಶೇಷ ದ್ವಾರವನ್ನೂ ಒದಗಿಸಿದ್ದೀರಿ. ತೂತಾದ ಗವಸು ಬರಿಗೈಗಿಂತ ಕೇಡು, ಸೋಪಿನ ನೀರನ್ನು ಅದು ಕೈಗೆ ಅಂಟಿಸಿಯೇ ಇಟ್ಟುಕೊಂಡಿರುತ್ತದೆ ಎನ್ನುತ್ತಾರೆ ವೈದ್ಯೆ. ಶತ್ರುವನ್ನು ಒಳಗೆ ಕರೆದುಕೊಂಡು, ಹೊರಗಿನಿಂದ ಬಾಗಿಲು ಹಾಕಿ, ಕಾವಲು ನಿಲ್ಲುವ ಇಂಥ ಕೋಟೆಯನ್ನು ಕಟ್ಟಲು ಅಸಾಧಾರಣ ಪ್ರತಿಭೆ ಬೇಕು.

ಎಡಗೈಯ ಗವಸು ಮಾತ್ರ ಎಂದೂ ಹರಿಯುವುದಿಲ್ಲ. ಜೋಡಿ ಕೊಂಡಾಗಲೆಲ್ಲ ಬಲಗೈ ಕಸದ ಬುಟ್ಟಿಗೆ ಹೋಗಿ ಎಡಗೈ ಉಳಿದು, ಈಗ ನಮ್ಮ ಬಾಲ್ಕನಿಯ ಹಗ್ಗದ ಉದ್ದಕ್ಕೂ ಗುಲಾಬಿ ಎಡಗೈಗಳು ತೂಗುತ್ತಿವೆ. ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ ಕೈಬೀಸುತ್ತವೆ, ಯಾರನ್ನೋ ಬೀಳ್ಕೊಡುವ ಹಾಗೆ. ಅತ್ತ ನೋಡಿಕೊಂಡು ಕೂರುವುದು ನನಗೆ ಅಷ್ಟು ಹಿತವಲ್ಲ.

ಒಳಗವಸಿನ ಕಥೆ ಬೇರೆ. ಕೆಳಮನೆಯ ಟೈಲರ್ ನನ್ನ ಹಳೆಯ ಬನಿಯನ್ನುಗಳಿಂದ ಅವನ್ನು ಹೊಲಿದುಕೊಟ್ಟ. ಅಳತೆ ತೆಗೆಯುವಾಗಲೇ "ಬೆರಳು ಕೈಗೆ ಐದೈದೇ ತಾನೆ ಸಾರ್, ಎಕ್ಸ್‌ಟ್ರಾ ಬಿಡ್ಬೇಕಾ?" ಎಂದು ಕೇಳಿದವನು, ಮರುದಿನ ಮೆಟ್ಟಿಲ ಮೇಲೆ ನನ್ನ ಬಿಳಿಗವಸಿನ ಕೈ ನೋಡಿ, "ಏನ್ ಸಾರ್, ಬ್ಯಾಂಡ್ ಸೆಟ್ ಸೇರ್ಕೊಂಡ್ರಾ? ನಿಮ್ದು ಕಹಳೆನಾ, ಡೊಳ್ಳಾ?" ಎಂದ. ತೂತಿದೆಯೋ ಎಂದು ಪರೀಕ್ಷಿಸಲು ರಬ್ಬರ್ ಗವಸಿಗೆ ಗಾಳಿಯೂದಿ ಹಿಂಡಿ ನೋಡುವ ನನ್ನ ಪ್ರಾತಃಕಾಲದ ವಿಧಿಯನ್ನು ಕಂಡ ದಿನ, "ಮೊದ್ಲು ಹಸು ತಗೊಳ್ಳಿ ಸಾರ್, ಹಾಲು ಕರೆಯೋದು ಆಮೇಲೆ ಕಲೀಬೋದು" ಎಂದು ಸಲಹೆಯಿತ್ತ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ದಯವಿಟ್ಟು ಬಲಗೈಯನ್ನು ಬಿಡಿಯಾಗಿ ಮಾರಬೇಕು. ಅದಾಗದಿದ್ದರೆ ಎರಡು ಎಡಗೈಗಳಿರುವ ಗ್ರಾಹಕರನ್ನು ಹುಡುಕಿ ನನ್ನ ವಿಳಾಸ ಕೊಡಬೇಕು. ಗವಸು ತೊಟ್ಟು ಕೈ ನೀರಿಗಿಟ್ಟ ಮರುಕ್ಷಣವೇ ಮೂಗು ತುರಿಸುವುದು ಸೃಷ್ಟಿಯ ನಿಯಮವಾಗಿರುವುದರಿಂದ, ಆ ಹೊತ್ತಿಗೆ ಹಾಜರಿದ್ದು ಮೂಗನ್ನು ತುರಿಸಿಕೊಡಲು ಸೌಜನ್ಯವುಳ್ಳ ಪ್ರತಿನಿಧಿಯೊಬ್ಬರನ್ನು ನೇಮಿಸಬೇಕು. ಚರ್ಚಾಸ್ಪರ್ಧೆಯ ಸಮಯಪಾಲಕರ ಮೇಜಿನ ಮೇಲಿರುತ್ತಿತ್ತಲ್ಲ, ಅಂಥ ಗಂಟೆಯೊಂದನ್ನು ಗವಸಿನೊಳಗೆ ಅಳವಡಿಸಿ, ಬೆವರುವ ಮುನ್ನ ಎಚ್ಚರಿಸಬೇಕು. ಪ್ಯಾಕೆಟ್ಟಿನ ಮಹಿಳೆಗೆ ಬಿಡುವಾದಾಗ ಅವರನ್ನು ಒಮ್ಮೆ ನಮ್ಮ ಮನೆಗೆ ಕಳಿಸಿಕೊಡಬೇಕು. ಲೋಟವಲ್ಲದ ಪಾತ್ರೆಗಳೂ ಲೋಕದಲ್ಲಿವೆಯೆಂದು ತೋರಿಸುವ ಆಸೆಯಿದೆ. ಅವರು ಆಗಲೂ ನಗುತ್ತಿದ್ದರೆ ನನ್ನ ದೂರನ್ನು ಆ ಕ್ಷಣವೇ ಹಿಂತೆಗೆದುಕೊಳ್ಳುತ್ತೇನೆ.

ಇಷ್ಟರಲ್ಲಿ ವೈದ್ಯೆಯನ್ನು ಮತ್ತೆ ಕಾಣುವ ದಿನ ಬಂದೇ ಬಿಟ್ಟಿತು. ಎಡಗೈ ಚೊಕ್ಕಟವಾಗಿ ಮಾಗಿತ್ತು. ಬಲಗೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿ ಅವರು, "ತೂತು ಗ್ಲೌಸ್ ಹಾಕ್ಕೊಂಡ್ರಾ?" ಎಂದಷ್ಟೇ ಕೇಳಿದರು. ನನ್ನ ಸ್ಥಾನ ಹೋಯಿತು, ಮಾನ್ಯರೇ. ತಮ್ಮ ನಡುಬೆರಳಿನ ಆ ಚಿಕ್ಕ ದ್ವಾರದ ಮೂಲಕವೇ ಹೋಯಿತು.

ಅಂದು ಸಂಜೆ ಹಾಲು ಉಕ್ಕಿ, ತಳ ಹಿಡಿದು, ಪಾತ್ರೆ ಕಪ್ಪಾಗಿ ಸಿಂಕಿನಲ್ಲಿ ಕೂತಿತ್ತು. ಕೆಲಸದಿಂದ ಬಂದ ಸೊಸೆ ಊಟವಾದ ಮೇಲೂ ಸಮವಸ್ತ್ರ ಬದಲಿಸಿರಲಿಲ್ಲ. ಪೌಡರ್ ಡಬ್ಬಿ ಹಿಡಿದು ಅಡುಗೆಮನೆಗೆ ಬಂದಳು, ಕೊಕ್ಕೆಯ ಮೇಲಿನ ಹಳದಿ ಗವಸುಗಳನ್ನು ಇಳಿಸಿದಳು, ಅಂಟಿಕೊಂಡಿದ್ದ ಬೆರಳುಗಳೊಳಗೆ ಒಂದೊಂದಕ್ಕೂ ಪೌಡರ್ ಉದುರಿಸಿ ಮೆಲ್ಲಗೆ ಬಿಡಿಸಿದಳು. ತನ್ನ ಕೈಗಳನ್ನು ತೂರಿಸಿದಳು. ಅವನ ಬೆರಳುಗಳು ಉದ್ದ. ತುದಿಗಳು ಖಾಲಿಯಾಗಿ ಜೋಲಾಡುತ್ತಿದ್ದವು. "ಮಾವ, ದಾರಿ ಬಿಡಿ. ಒಳ್ಗಡೆ ಜಾಗ ಇದೆ, ಒಳಗೆ ನಡೀರಿ" ಎಂದಳು. ನಾನು ಬಾಯಿ ತೆರೆದೆ. "ಒರೆಸೋರು ಮಾತಾಡಂಗಿಲ್ಲ. ರೂಲು ಮಾಡಿದ್ದು ನೀವೇ" ಎಂದು ಬಟ್ಟೆಯನ್ನು ನನ್ನ ಹೆಗಲಿಗೆ ಹಾಕಿದಳು.

ಆಮೇಲೆ ನಲ್ಲಿ ತಿರುಗಿಸಿ, ನನ್ನತ್ತ ನೋಡದೆ ಮಾತಾಡತೊಡಗಿದಳು. "ವಿಷ್ಯ ನಿಮ್ಗೆ ಗೊತ್ತು. ಅವರ ಟೈಮು ಬಾಕಿ ಇತ್ತು, ಅದನ್ನ ನಾನು ತಗೋತೀನಿ. ಪಾಯಿಂಟೆಲ್ಲ ನಂಗೂ ಬಾಯಿಪಾಠ. ಬೆಳಿಗ್ಗೆ ನನ್ನ ಬಸ್ಸಲ್ಲೇ ಬರ್ತಿದ್ರಲ್ಲ, ಕಂಬ ಹಿಡ್ಕೊಂಡು ನಿಂತು ಪ್ರಾಕ್ಟೀಸ್ ಮಾಡೋರು. ಅರ್ಧ ಬಸ್ಸು ಅವರ ಕಡೆ, ಇನ್ನರ್ಧ ನಿಮ್ಮ ಕಡೆ." ನನ್ನ ಪಕ್ಷಕ್ಕೆ ಅರ್ಧ ಬಸ್ಸಿನ ಬೆಂಬಲವಿದ್ದುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. "ಮೊದಲ್ನೇದು, ನೀವು ಉಜ್ಜಿದ್ರೆ ಕಪ್ಪಿಗಿಂತ ಮುಂಚೆ ಹೋಗೋದು ಕೈಯ ಚರ್ಮ. ಇದಕ್ಕೆ ಸಾಕ್ಷಿ ಇಲ್ಲೇ ಬಟ್ಟೆ ಹಿಡ್ಕೊಂಡು ನಿಂತಿದೆ. ಎರಡ್ನೇದು, ನಾಳೆ ಅನ್ನೋದು ಸೋಮಾರಿಗಳ ದಿನ ಅಂದ್ರಲ್ಲ ನೀವು, ಅದು ತಪ್ಪು. ನೆನೆಹಾಕೋದು ಅಂದ್ರೆ, ನಾಳೆ ಬರ್ತೀನಿ ಅಂತ ಪಾತ್ರೆಗೆ ಮಾತು ಕೊಟ್ಟ ಹಾಗೆ..."

ಅಲ್ಲಿಗೆ ನಿಲ್ಲಿಸಿದಳು. ನೀರು ಪಾತ್ರೆ ತುಂಬಿ ಹೊರಗೆ ಹರಿಯುತ್ತಿತ್ತು. ನಿಯಮ ಮುರಿದು ನಾನು ಏನಾದರೂ ಹೇಳಬೇಕಿತ್ತೇನೋ. ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದೆ.

"ಮಾತು ಕೊಟ್ಟೋರು ಬರಕ್ಕಾಗ್ದಿದ್ರೆ, ಮನೇಲಿ ಇನ್ಯಾರಾದ್ರೂ ತೊಳೀತಾರೆ. ಅಷ್ಟೇ ಮಾವ" ಎಂದು ನಲ್ಲಿ ನಿಲ್ಲಿಸಿ, ಅವಳು ಕೈ ಎತ್ತಿ ವಾದ ಮುಗಿಸಿದಳು. ಜೋಲಾಡುವ ಬೆರಳ ತುದಿಯಿಂದ ನೊರೆ ಹಾರಿ ನನ್ನ ಕನ್ನಡಕದ ಮೇಲೆ ಕೂತಿತು. ನಾನು ಆಕ್ಷೇಪ ದಾಖಲಿಸಲಿಲ್ಲ.

ಕೊನೆಯ ಚಮಚ ಗೂಡು ಸೇರಿತು. "ತೀರ್ಪು?" ಎಂದು ಕೇಳಿದಳು. ವಾದ ಪ್ರಬಲವಾಗಿದೆಯೆಂದೂ, ಪರಿಶೀಲನೆಗೆ ಕಾಲಾವಕಾಶ ಬೇಕಾಗಿರುವುದರಿಂದ ತೀರ್ಪನ್ನು ನಾಳೆಗೆ ಕಾದಿರಿಸಿದ್ದೇನೆಂದೂ ನಾನು ಪ್ರಕಟಿಸಿದೆ. "ಏನಂದ್ರಿ? ನಾಳೆಗಾ?" ಎಂದು ಅವಳು ಬಾಯಿಗೆ ಗವಸಿನ ಕೈ ಅಡ್ಡ ಹಿಡಿದು ನಕ್ಕಳು. ಆ ಅಡುಗೆಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು. ಅನುಭವಿ ಭಾಷಣಕಾರನೊಬ್ಬ ತನ್ನದೇ ಬಾಯಿಂದ ಎದುರು ಪಕ್ಷಕ್ಕೆ ಅಂಕ ಕೊಡುವುದನ್ನು ತಾವೂ ನೋಡಬೇಕಿತ್ತು.

ಇದರಿಂದ ನನ್ನ ದೂರು ಇತ್ಯರ್ಥವಾಯಿತೆಂದು ತಾವು ಸಮಾಧಾನಪಡಬಾರದು. ಕೈ ಮಾಗಿದ ಮೇಲೆ ದಿನ ಬಿಟ್ಟು ದಿನ ಸಿಂಕು ನನಗೆ ಮರಳುವುದೆಂದು ಒಪ್ಪಂದವಾಗಿದೆ, ಮತ್ತು ನನ್ನ ಮರುವಾದ ಸಿದ್ಧವಾಗುತ್ತಿದೆ. ಹಳದಿ ಜೋಡಿ ಅವಳದು. ಅಷ್ಟು ಕಾಲ ಕೊಕ್ಕೆಯಲ್ಲಿ ತೂಗಿಯೂ ಅಂದು ಒಂದು ಹನಿ ನೀರನ್ನೂ ಅದು ಒಳಗೆ ಬಿಡಲಿಲ್ಲವೆಂಬುದನ್ನು ತಮ್ಮ ಸುಧಾರಣಾ ವಿಭಾಗದವರು ದಯವಿಟ್ಟು ಗಮನಿಸಬೇಕು. ನನಗೂ ಅಂಥದೊಂದು ಜೋಡಿ 'ಸುಧಾರಣೆಗೆ ಮುನ್ನ' ಎಂಬ ಮುದ್ರೆಯೊಂದಿಗೆ ತಯಾರಿಸಿ ಕಳಿಸುವಿರೆಂಬ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ಸದ್ಯಕ್ಕೆ ಒರೆಸುವ ಪಕ್ಷದವನು

ಮರೆತ ಮಾತು: ಬಾಲ್ಕನಿಯ ಎಡಗೈಗಳನ್ನೆಲ್ಲ ಪ್ರತ್ಯೇಕ ಪಾರ್ಸಲಿನಲ್ಲಿ ತಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ನಗುವ ಆ ಮಹಿಳೆಯ ಬಲಗೈ ಲೋಟ ಹಿಡಿದು ಸದಾ ಕೆಲಸದಲ್ಲಿರುವುದರಿಂದ ಎಡಗೈಗಾದರೂ ಇವು ಉಪಯೋಗಕ್ಕೆ ಬಂದಾವು. ಅಥವಾ ನನ್ನಂಥವರ ಕರೆ ಬಂದಾಗ ಫೋನ್ ಎತ್ತಿಕೊಳ್ಳಲು ತಮ್ಮಲ್ಲಿ ಕೈಗಳ ಕೊರತೆಯಿದ್ದರೆ, ಆ ಕೊರತೆಯೂ ನೀಗೀತು. ಹಾಲು ಸೀದ ಆ ಪಾತ್ರೆಯನ್ನೂ ಜೊತೆಗಿಟ್ಟು ಕಳಿಸುವ ಮನಸ್ಸಿತ್ತು. ಸಾಧ್ಯವಾಗಲಿಲ್ಲ. ಅದು ನೆನೆಯುತ್ತಿದೆ.